ಬೆಂಡಿನ ಗೂಟ

ಬಹಳ ಹಿಂದೆ, ಈಗ ಯಾರಿಗೂ ದಾರಿ ತಿಳಿಯದ ಬೆಳ್ಗಲ್ಲೂರು ಎಂಬ ರಾಜ್ಯವಿತ್ತು. ಅಲ್ಲಿ ಮನೆಮನೆಯ ಬೀಸುವ ಕಲ್ಲು ತಾನೇ ತಿರುಗಿ ರಾಗಿ ಬೀಸುತ್ತಿತ್ತು. ಅದಕ್ಕೆ ಮಂತ್ರ ಹಾಕಿದವನು ಧೂಮಕೇತ ಎಂಬ ಮಾಂತ್ರಿಕ. ಕಲ್ಲು ನಿಂತರೆ ಅವನೇ ಬಂದು ಸರಿಮಾಡಬೇಕು, ಬೇರೆಯವರು ಬಿಚ್ಚಿದರೆ ಕಲ್ಲಾಗಿಹೋಗುತ್ತಾರೆ ಎಂದು ಸಾರಿದ್ದ. ಬಂದಾಗಲೆಲ್ಲ ಕೊಟ್ಟಿಗೆಯಿಂದ ಒಂದು ದನ ಹೊಡೆದುಕೊಂಡು ಹೋಗುತ್ತಿದ್ದ.

ಮುದ್ದವ್ವನ ಮನೆಯ ಕಲ್ಲು ಪ್ರತಿ ಸುಗ್ಗಿಗೂ ನಿಲ್ಲುತ್ತಿತ್ತು. ಎತ್ತು ಹೋಯಿತು, ಎಮ್ಮೆ ಹೋಯಿತು. ಈ ಸಲ ಕಲ್ಲು ನಿಂತಾಗ ಉಳಿದಿದ್ದುದು ಮಗುವಿಗೆ ಹಾಲು ಕೊಡುವ ಹಸು ಒಂದೇ.

"ಅವನಿಗೆ ಹೇಳಿಕಳಿಸೋಣವೇ?" ಎಂದಳು ಅತ್ತೆ.

"ಬೇಡ ಅತ್ತೆ. ಮಗುವಿನ ಬಾಯಿಂದ ಕಿತ್ತು ಅವನಿಗೆ ಕೊಡಲಾರೆ. ನಾನೇ ಬಿಚ್ಚುತ್ತೇನೆ."

ಕಲ್ಲಿನ ಮೇಲೆ ಮೂರು ಅರಗಿನ ಮುದ್ರೆಗಳಿದ್ದವು. ಮೊದಲನೆಯದನ್ನು ಕೆರೆದಳು. ಹಾವೊಂದು ಹೆಡೆಯೆತ್ತಿತು. "ಯಾರನ್ನು ಕೇಳಿ ಬಿಚ್ಚುತ್ತೀಯ?"

"ನನ್ನ ಮನೆಯ ಕಲ್ಲು. ಯಾರನ್ನು ಕೇಳಬೇಕು?"

ಹಾವು ಹೊಗೆಯಾಯಿತು. ಎರಡನೆಯದನ್ನು ಕೆರೆದಳು. ಹುಲಿಯೊಂದು ಗರ್ಜಿಸಿತು. "ಯಾರನ್ನು ಕೇಳಿ ಬಿಚ್ಚುತ್ತೀಯ?"

"ನನ್ನ ಮನೆಯ ಕಲ್ಲು. ಯಾರನ್ನು ಕೇಳಬೇಕು?"

ಹುಲಿ ಬೂದಿಯಾಯಿತು. ಮೂರನೆಯದನ್ನು ಮುಟ್ಟುತ್ತಲೇ ಅವಳ ಬಲಗೈ ಮಣಿಕಟ್ಟಿನವರೆಗೆ ಕಲ್ಲಾಯಿತು. ಮುದ್ದವ್ವ ಹಲ್ಲುಕಚ್ಚಿ ಎಡಗೈ ಚಾಚಿದಳು. ಅಷ್ಟುಹೊತ್ತು ಬಾಗಿಲ ಹಿಂದೆ ನಡುಗುತ್ತಿದ್ದ ಅತ್ತೆ ಬಂದು ಪಕ್ಕದಲ್ಲಿ ಕೂತಳು. "ಸರಿ, ನಾನೂ ಕೈಹಾಕುತ್ತೇನೆ" ಎಂದಳು. ಇಬ್ಬರೂ ಸೇರಿ ಮುದ್ರೆ ಕಿತ್ತರು, ಮೇಲಿನ ಕಲ್ಲನ್ನು ಎತ್ತಿದರು.

ಒಳಗೆ ನಡುವಿನ ಗೂಟ ಮುರಿದುಬಿದ್ದಿತ್ತು. ಮುದ್ದವ್ವ ಅದನ್ನು ಉಗುರಿನಿಂದ ಒತ್ತಿ ನೋಡಿದಳು. ಬರೀ ಬೆಂಡು.

"ಮುರಿಯಲಿ ಅಂತಲೇ ಇಟ್ಟಿದ್ದಾನೆ" ಎಂದಳು. "ಇದಕ್ಕಾಗಿ ನಮ್ಮ ಎತ್ತು ಕೊಟ್ಟೆವು, ಎಮ್ಮೆ ಕೊಟ್ಟೆವು."

ಅತ್ತೆ ಹಿತ್ತಿಲ ಜಾಲಿಯ ಕೊಂಬೆ ಕಡಿದು ತಂದಳು. ಮುದ್ದವ್ವ ಎಡಗೈಯಲ್ಲೇ ಕೆತ್ತಿ ಹೊಸ ಗೂಟ ಕೂರಿಸಿದಳು. ಕಲ್ಲು ತಿರುಗಿತು.

ಅವಳು ಅಲ್ಲಿಗೇ ಸುಮ್ಮನಾಗಲಿಲ್ಲ. ಮುರಿದ ಗೂಟ ಹಿಡಿದು ಬಾವಿಕಟ್ಟೆಗೆ ಹೋಗಿ ಎಲ್ಲರಿಗೂ ತೋರಿಸಿದಳು. ನೀರಿಗೆ ಬಂದ ಹೆಂಗಸರು ಬಿಂದಿಗೆ ಕೆಳಗಿಟ್ಟು ಮನೆಗೆ ಓಡಿದರು. ಕೇರಿಕೇರಿಯಲ್ಲೂ ಮುದ್ರೆಗಳು ಕಿತ್ತುಬಂದವು, ಒಂದೊಂದು ಕಲ್ಲಿನೊಳಗೂ ಅದೇ ಬೆಂಡು.

ಧೂಮಕೇತ ರಣಹದ್ದು ಏರಿ ಅಬ್ಬರಿಸುತ್ತ ಬಂದ. ಅವನ ಶಕ್ತಿಯೆಲ್ಲ ಆ ಮುದ್ರೆಗಳಲ್ಲಿತ್ತು. ಒಂದೊಂದು ಕಿತ್ತಂತೆ ಅವನು ಕುಗ್ಗುತ್ತ ಬಂದು, ಕೊನೆಗೆ ಹಲ್ಲಿಯಾಗಿ ಗೋಡೆಯ ಬಿರುಕಿನಲ್ಲಿ ನುಸುಳಿದ. ಮುದ್ದವ್ವನ ಕೈ ಮೊದಲಿನಂತೆ ಮೆತ್ತಗಾಯಿತು.

ಅವನ ಕೋಟೆಯ ಬಾಗಿಲು ಒಡೆದು ಜನ ತಮ್ಮ ತಮ್ಮ ದನಗಳನ್ನು ಹೊಡೆದು ತಂದರು. ಅಂದಿನಿಂದ ಆ ನಾಡಿನಲ್ಲಿ ತಮ್ಮ ಮನೆಯ ಕಲ್ಲು ಬಿಚ್ಚಲು ಯಾರೂ ಯಾರನ್ನೂ ಕೇಳಲಿಲ್ಲ. ಹೊಟ್ಟೆತುಂಬ ಉಂಡು ಎಲ್ಲರೂ ನೆಮ್ಮದಿಯಿಂದ ಬಾಳಿದರು.