ಗೇಟಿನಿಂದ ಹೋದ ಮೂರು ಕರೆ

ಮಾರ್ಚ್ 11, ಬೆಳಗ್ಗೆ 9.20. ನೆಲಮಂಗಲದ ಠಾಣೆಗೆ ಬಂದ ಭಾಗ್ಯಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮೆಜಮಾನ್ರು ನಿನ್ನೆ ಮಧ್ಯಾಹ್ನ ಗೋಡೌನಿಂದ ಲಾರಿ ತಗೊಂಡು ಹೋದೋರು ಇನ್ನೂ ಬಂದಿಲ್ಲ ಮೇಡಮ್. ಫೋನು ಸ್ವಿಚಾಫ್. ಸಕ್ಕರೆ ಕಾಯ್ಲೆ ಐತೆ, ಇನ್ಸುಲಿನ್ ಮನೇಲೇ ಬಿಟ್ಟವ್ರೆ."

ಇನ್ಸ್‌ಪೆಕ್ಟರ್ ಶಶಿರೇಖಾ ಎಫ್‌ಐಆರ್ ದಾಖಲಿಸಿದರು. ಎರಡು ತಿಂಗಳಲ್ಲಿ ಅದೇ ಗೋಡೌನಿನ ಮೂರನೆಯ ಲಾರಿ ಅದು. ಹಿಂದಿನ ಎರಡು ಸಲ ಮಾಲು ಇಳಿಸಿಕೊಂಡ ಕಳ್ಳರು ಡ್ರೈವರುಗಳನ್ನು ಅಂದೇ ಬಿಟ್ಟು ಕಳಿಸಿದ್ದರು. ಈ ಸಲ 11 ಗಂಟೆಗೆ ಹೆದ್ದಾರಿ ಪಕ್ಕ ಖಾಲಿ ಲಾರಿ ಸಿಕ್ಕಿತು. ಡ್ರೈವರ್ ಭೀಮರಾಜ್ ಸಿಗಲಿಲ್ಲ. ಪಂಚನಾಮೆ ಬರೆಯುವಾಗ ಸೀಟಿನ ಮೇಲೆ ರಕ್ತದ ಕಲೆ ಕಂಡಿತು.

ಕಾನ್‌ಸ್ಟೇಬಲ್ ಸುನಿಲ್‌ಕುಮಾರ್ ಗೋಡೌನಿನವರ ಮತ್ತು ಲಾರಿ ಸಿಕ್ಕ ಜಾಗಗಳ ಮೊಬೈಲ್ ಕರೆಗಳ ದಾಖಲೆ ತರಿಸಿ, ಒಂದೊಂದು ನಂಬರಿಗೆ ಒಂದೊಂದು ಸುತ್ತು, ಕರೆಗೊಂದು ಗೆರೆ ಎಂದು ದೊಡ್ಡ ಹಾಳೆಯಲ್ಲಿ ಬರೆದ. ಹೆಚ್ಚು ಗೆರೆ ಸೇರಿದ್ದು ಲಾರಿ ಏಜೆಂಟ್ ಕೆಂಪರಾಜನ ಸುತ್ತಿಗೆ. ಅವನನ್ನು ಕರೆತಂದರು.

"ದಿನಕ್ಕೆ ನೂರು ಜನಕ್ಕೆ ಫೋನ್ ಮಾಡ್ತೀನಿ ಮೇಡಮ್. ಲಾರಿ ಹೊಂದ್ಸೋದೇ ನನ್ ಕಸುಬು."

ಒಂದು ಗಂಟೆ ಹಾಳಾಯಿತು. ಶಶಿರೇಖಾ ಗಡಿಯಾರ ನೋಡಿದರು. ಇನ್ಸುಲಿನ್ ಇಲ್ಲದೆ ಇಪ್ಪತ್ತನಾಲ್ಕು ಗಂಟೆ.

"ಮೇಡಮ್, ಕೆಂಪರಾಜನ ಸುತ್ತು ಅಳಿಸಿ ನೋಡ್ದೆ," ಎಂದ ಸುನಿಲ್‌ಕುಮಾರ್. "ಏನೂ ಕಡಿಯಲ್ಲ. ಗೋಡೌನೋರ ಸುತ್ತುಗಳು ಇನ್ನೊಬ್ರ ಮೂಲಕ ಹೆಂಗೋ ಕೂಡ್ಕೊಂಡೇ ಇರ್ತವೆ. ಈಗ ಇದನ್ನ ನೋಡಿ." ಮೂಲೆಯ ಸಣ್ಣ ಸುತ್ತನ್ನು ಹೆಬ್ಬೆರಳಿಟ್ಟು ಮುಚ್ಚಿದ.

ಹಾಳೆ ಎರಡು ಹೋಳಾಯಿತು. ಒಂದು ಕಡೆ ಗೋಡೌನಿನವರು. ಇನ್ನೊಂದು ಕಡೆ, ಲಾರಿಗಳು ಖಾಲಿಯಾದ ಜಾಗದ ಟವರುಗಳಲ್ಲಿ ಮೂರು ಸಲವೂ ಸಿಕ್ಕಿದ್ದ ಅಪರಿಚಿತ ನಂಬರುಗಳು. ನಡುವೆ ಇದ್ದದ್ದು ಅದೊಂದೇ ಸುತ್ತು: ಗೇಟ್ ಕಾವಲುಗಾರ ಸಂಜೀವಪ್ಪ. ಅವನಿಂದ ಆಚೆಗೆ ಹೋದದ್ದು ಮೂರೇ ಕರೆ.

ಮಧ್ಯಾಹ್ನ 2.05. ಗೇಟಿನ ಬಳಿ ಜೀಪು ನಿಂತಿತು, ಶಶಿರೇಖಾ ಇಳಿದರು.

"ಯಾರಿಗಪ್ಪಾ ಫೋನ್ ಮಾಡಿದ್ದು?"

"ನಂಟ್ರಿಗೆ."

"ಮೂರು ಸಲವೂ ಲಾರಿ ಗೇಟ್ ದಾಟಿದ ಮೇಲೇನಾ?"

ಸಂಜೀವಪ್ಪ ಗೇಟಿನ ಚಿಲಕ ಹಾಕಲು ತಿರುಗಿದ.

"ಭೀಮರಾಜ್‌ಗೆ ಸಕ್ಕರೆ ಕಾಯಿಲೆ. ನಿನ್ನೆಯಿಂದ ಔಷಧಿ ಇಲ್ಲ."

ಮುದುಕ ಚಿಲಕ ಬಿಟ್ಟು ಇತ್ತ ತಿರುಗಿದ. "ಬಿಟ್ಟಿಲ್ವಾ? ಡ್ರೈವರ್ ಮೈ ಮುಟ್ಟಲ್ಲ ಅಂದಿದ್ರಲ್ಲ... ಅವ್ರು ಮಾಲಿಡೋದು ಇಲ್ಲೇ ಮಧುರೆ ಹತ್ರ, ಮುಚ್ಚೋಗಿರೋ ಕೋಳಿ ಶೆಡ್ಡಲ್ಲಿ ಮೇಡಮ್. ಬೇಗ ಹೋಗಿ."

3.10ಕ್ಕೆ ಶೆಡ್ಡಿನ ಬಾಗಿಲು ಮುರಿದರು. ಕಾವಲಿಗಿದ್ದ ಇಬ್ಬರು ಸಿಕ್ಕಿಬಿದ್ದರು; ಡ್ರೈವರ್ ಎದುರುಬಿದ್ದು ಗುರುತು ಹಿಡಿದಿದ್ದರಿಂದ ಹೊಡೆದು ಕೂಡಿಹಾಕಿದೆವು ಎಂದರು. ಕೈಕಟ್ಟಿ ಹಾಕಿದ್ದ ಭೀಮರಾಜನಿಗೆ ಪ್ರಜ್ಞೆ ಇರಲಿಲ್ಲ, ಉಸಿರಿತ್ತು. ಸಂಜೆಯೊಳಗೆ ಗುಂಪಿನ ಮೂರನೆಯವನನ್ನು ಅನುಗೊಂಡನಹಳ್ಳಿಯಲ್ಲಿ ಹಿಡಿದರು. ಆಸ್ಪತ್ರೆಯಿಂದ ಭಾಗ್ಯಮ್ಮನೇ ಫೋನ್ ಮಾಡಿದಳು: "ಕಣ್ಣು ಬಿಟ್ರು ಮೇಡಮ್."

ಸಂಜೀವಪ್ಪನ ಹೇಳಿಕೆ ಒಂದೇ ಪುಟ. ಎರಡು ವರ್ಷದ ಹಿಂದೆ ಅದೇ ಗೋಡೌನಿನಲ್ಲಿ ರ‍್ಯಾಕ್ ಕುಸಿದು ಮಗ ಮಂಜೇಶ್ ಸತ್ತಿದ್ದ. ಅವನು ಕೆಲಸದವನೇ ಅಲ್ಲ, ಕಳ್ಳತನಕ್ಕೆ ನುಗ್ಗಿದ್ದವನು ಎಂದು ಮಾಲೀಕರು ಪೊಲೀಸ್ ದಾಖಲೆಯಲ್ಲಿ ಬರೆಸಿದ್ದರು. ಅಪ್ಪ ಅದೇ ಗೇಟಿಗೆ ಕಾವಲಿಗೆ ಸೇರಿದಾಗ, ನೀನು ಯಾರ ತಂದೆ ಎಂದು ಯಾರೂ ಕೇಳಿರಲಿಲ್ಲ. ಕದ್ದ ಮಾಲಿನಲ್ಲಿ ಅವನು ಒಂದು ಪೈಸೆ ಮುಟ್ಟಿರಲಿಲ್ಲ.

ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ಸುನಿಲ್‌ಕುಮಾರ್ ಕೇಳಿದ.

ಸಂಜೀವಪ್ಪ ಮೇಜಿನ ಮೇಲೆ ಬೆರಳಿಂದ ಹತ್ತು ಅಂಕಿ ಬರೆದ. "ನಂಗೆ ಬಾಯಿಗ್ ಬರೋದು ಒಂದೇ ನಂಬ್ರು ಸಾ. ಅದು ಮಂಜೇಶಂದು."

ಸುನಿಲ್‌ಕುಮಾರ್ ಪೆನ್ನು ಕೆಳಗಿಟ್ಟ.