ಉಪ್ಪು ತೊಳೆದವಳು

ಪೂನಂ ವಿಮಾನ ತೊಳೆದದ್ದು ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಎಷ್ಟೋ ಸಲ ಕುತ್ತಿಗೆಗೆ ಬರುತ್ತದೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ವಿಮಾನ ಎಂದರೆ ಗೇಣುದ್ದದ ಪ್ಲಾಸ್ಟಿಕ್ ಮಾಡೆಲ್. ಎಪ್ಪತ್ತೊಂದರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಹಾರಿದ ಸೀ ಹಾಕ್. ಅದನ್ನು ಕಟ್ಟುತ್ತಿದ್ದವನು ಶೈಲೇಶ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರ ಬೈಕಿನ ಟ್ಯಾಂಕುಗಳಿಗೆ ಬಣ್ಣ ಹೊಡೆಯುವ ಅಂಗಡಿ ಅವನದು. ಹೊಟ್ಟೆಗೆ ಬೈಕು, ಜೀವಕ್ಕೆ ವಿಮಾನ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕಟ್ಟಿಕೊಡಿ ಎಂದು ಕೇಳಿದವಳು ಪೂನಂ, ಬಸವಕಲ್ಯಾಣದ ಶಾಲೆಯೊಂದರ ವಿಜ್ಞಾನದ ಟೀಚರ್. ಮಾಡೆಲ್ ಸೇರಬೇಕಾಗಿದ್ದದ್ದು ಹುಡಗಿ ಎಂಬ ಊರಿನಲ್ಲಿದ್ದ ಅವಳ ಮುತ್ಯಾ, ಎಂದರೆ ಅಜ್ಜ, ಲಾಲಪ್ಪನಿಗೆ. ಲಾಲಪ್ಪ ಹರೆಯದಲ್ಲಿ ನೌಕಾಪಡೆ ಸೇರಿ, ವಿಕ್ರಾಂತದ ಡೆಕ್ಕಿನ ಮೇಲೆ ಅಂಥವೇ ವಿಮಾನಗಳನ್ನು ತೊಳೆದು ಒರೆಸಿದವನು.

ಶನಿವಾರ ಶಾಲೆ ಬಿಟ್ಟು ಊರಿಗೆ ಹೊರಟರೆ ಹುಮನಾಬಾದಿನಲ್ಲಿ ಬಸ್ ಬದಲಿಸಬೇಕು. ಮಾಡೆಲ್ ಎಲ್ಲಿಗೆ ಬಂತು ಎಂದು ನೋಡುವ ನೆಪದಲ್ಲಿ ಅವಳು ಒಂದು ಬಸ್ ಬಿಡುತ್ತಿದ್ದಳು. ಬರಬರುತ್ತ ಎರಡು ಬಸ್ ಬಿಡತೊಡಗಿದಳು.

ಕಪಾಟಿನಲ್ಲಿದ್ದ ಬೇರೆ ಮಾಡೆಲ್‌ಗಳ ಮೇಲಿನ ಹೊಗೆಯ ಕಲೆ, ಎಣ್ಣೆಯ ಗೆರೆ ನೋಡಿ ಅವಳು ಒಮ್ಮೆ ಕೇಳಿದ್ದಳು, "ಇಷ್ಟು ಚಂದ ಬಣ್ಣ ಹಚ್ಚಿ, ಮತ್ತ ಯಾಕ್ರಿ ಹೊಲಸು ಮಾಡ್ತೀರಿ?"

"ಹೊಲಸಲ್ರಿ ಟೀಚರ್. ಡಬ್ಬ್ಯಾಗಿಂದ ತಗದ ವಿಮಾನ ಬ್ಯಾರೆ, ಲಡಾಯಿಗೆ ಹೋಗಿ ಬಂದ ವಿಮಾನ ಬ್ಯಾರೆ. ಹೋಗಿ ಬಂದದ್ದು ಮೈಮ್ಯಾಲ ಕಾಣಬೇಕ್ರಿ."

"ನಿಮ್ಮ ಅಂಗಿ ಮ್ಯಾಲೂ ಕಾಣಾಕತ್ತದ. ಯಾವ ಲಡಾಯಿಗೆ ಹೋಗಿದ್ರೋ ಏನೋ."

ಅವನು ತನ್ನ ಬಣ್ಣಬಣ್ಣದ ಅಂಗಿ ನೋಡಿಕೊಂಡು ನಕ್ಕ. ತಲೆ ಎತ್ತಿದಾಗ ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವರಂತೆ ಇಬ್ಬರೂ ವಿಮಾನದ ಕಡೆ ತಿರುಗಿದರು. ಪಾಪ, ಅದೇನು ಮಾಡೀತು.

ಆದರೆ ಈಚೆಗೆ ಶೈಲೇಶ ಸೀ ಹಾಕ್ ಮೇಲೆ ಬಟ್ಟೆ ಮುಚ್ಚಿಡುತ್ತಿದ್ದ. ಕೇಳಿದಾಗಲೆಲ್ಲ ಒಂದೇ ಉತ್ತರ: "ಇನ್ನಾ ಒಣಗಿಲ್ರಿ."

"ನಮ್ಮ ಬಿಸಲಾಗ ಹಪ್ಪಳ ಸುದ್ಧಾ ಎರಡು ತಾಸಿಗೆ ಒಣಗ್ತಾವ್ರಿ. ನಿಮ್ಮ ವಿಮಾನಕ್ಕೇನು ಬ್ಯಾನಿ?"

ಅವನು ಚಹಾ ತರಲು ಎದ್ದುಬಿಡುತ್ತಿದ್ದ.

ಆ ಶನಿವಾರವೂ ಚಹಾ ತರಲು ಹೋದ. ಪೂನಂ ಬಟ್ಟೆ ಸರಿಸಿದಳು. ರೆಕ್ಕೆ, ಬೆನ್ನು, ಎಲ್ಲ ಕಡೆ ಬೂದುಬಣ್ಣದ ಗಂಟುಗಂಟು. ಕೆಳಗೆ ಉದುರಿದ್ದ ಬಿಳಿ ಹರಳೊಂದನ್ನು ನಾಲಿಗೆಗೆ ಇಟ್ಟು ನೋಡಿದಳು. ಉಪ್ಪು!

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು. ಆದರೆ ಅವಳು ಲಾಲಪ್ಪನ ಮೊಮ್ಮಗಳು. "ವಿಮಾನದ ಮ್ಯಾಲ ಉಪ್ಪು ಕುಂದರಬಾರದವ್ವ. ಕುಂತ್ರ ತಿಂದ ಹಾಕ್ತದ. ಇಳದ ಕೂಡ್ಲೇ ತೊಳಿಬೇಕು" ಎಂಬ ಮಾತನ್ನು ಊಟದ ಜೊತೆ ಉಂಡು ಬೆಳೆದವಳು. ಬಾಟಲಿಯ ನೀರು ಸುರಿದು, ಅಲ್ಲೇ ಬಿದ್ದಿದ್ದ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿಯೇ ಬಿಟ್ಟಳು.

ಉಪ್ಪು ಹೋಯಿತು. ಅದರ ಜೊತೆಗೆ ಬಣ್ಣವೂ ಹೋಯಿತು. ಎಲ್ಲೆಲ್ಲಿ ಉಪ್ಪಿತ್ತೋ ಅಲ್ಲೆಲ್ಲ ಬಣ್ಣ ಕಿತ್ತು, ಒಳಗಿನ ಬೆಳ್ಳಿಬಣ್ಣ ಮಚ್ಚೆಮಚ್ಚೆಯಾಗಿ ಕಂಡಿತು.

ಅವಳು ಬ್ರಷ್ ಅಲ್ಲೇ ಬಿಟ್ಟಳು. ಮತ್ತೆ ಬಟ್ಟೆ ಮುಚ್ಚಿ, ಚೀಲ ಎತ್ತಿಕೊಂಡು, ಸಿಕ್ಕ ಬಸ್ ಹತ್ತಿದಳು. ಆ ಮನುಷ್ಯ ಉಸಿರು ಬಿಗಿಹಿಡಿದು ಅಂಟಿಸಿದ ಒಂದೊಂದು ತುಣುಕೂ ಅವಳಿಗೆ ನೆನಪಾಯಿತು. ಇನ್ನು ಯಾವ ಮುಖ ಹೊತ್ತು ಆ ಅಂಗಡಿಗೆ ಹೋಗುವುದು? ಹೋಗದೆ ಇರುವುದಾದರೂ ಹೇಗೆ? ಅವನ ಮೇಲೆ ತನಗೆ ಪ್ರೀತಿಯಾಗಿದೆ ಎಂಬುದು ಅವಳಿಗೆ ಖಚಿತವಾದದ್ದು ಆ ಬಸ್ಸಿನಲ್ಲಿ, ಅವನನ್ನು ಕಳೆದುಕೊಂಡೆ ಎಂದುಕೊಂಡ ಮೇಲೆ.

ಫೋನ್ ಬಂತು. ಎತ್ತಲಿಲ್ಲ. ಆಮೇಲೆ ಒಂದು ಮೆಸೇಜ್: "ಟೀಚರ್, ವಿಮಾನ ನೀವು ತೊಳದೀರೇನ್ರಿ?" ಓದಿ ಫೋನೇ ಬಂದ್ ಮಾಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಉಪ್ಪು ತೊಳೆದವಳು ಏನು ಕುಡಿಯಬೇಕೋ ಅವಳಿಗೆ ತಿಳಿಯಲಿಲ್ಲ.

ವಾರವಿಡೀ ಅವಳಿಗೆ ಊಟ ರುಚಿಸಲಿಲ್ಲ. ಮುಂದಿನ ಶನಿವಾರ ಶಾಲೆ ಬಿಡುವ ಹೊತ್ತಿಗೆ ಜೊತೆಯ ಟೀಚರ್ ವಿಶಾಖಾ ಕಿಟಕಿಯಿಂದ ಇಣುಕಿ ಕಣ್ಣು ಮಿಟುಕಿಸಿದಳು. "ಪೂನಂ, ನಿನ್ನ ಹುಮನಾಬಾದ್ ಇಲ್ಲೇ ಬಂದದ ನೋಡು. ಕೈಯಾಗ ಪೇಢೆದ ಡಬ್ಬಿ ಬ್ಯಾರೆ!"

ಗೇಟಿನ ಹತ್ತಿರ ಶೈಲೇಶ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ. ಪೇಢೆ ಎಂದರೆ ಅವನಿಗೆ ಎಲ್ಲೋ ಸಂಬಂಧ ಕುದುರಿದೆ ಎಂದೇ ಪೂನಂ ತಿಳಿದಳು.

ಇಬ್ಬರೂ ಊರಿನ ಕೋಟೆಯ ತನಕ ನಡೆದರು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತರು.

"ತಪ್ಪಾಯ್ತ್ರಿ," ಅವಳೇ ಶುರುಮಾಡಿದಳು, ನೆಲ ನೋಡುತ್ತ. "ಉಪ್ಪು ಕುಂತಿತ್ತು. ತಿಂದ ಹಾಕ್ತದ ಅಂತ ತೊಳದೆ."

"ಉಪ್ಪು ನಾನೇ ಹಾಕಿದ್ದೆ."

"ನೀವೇ? ಯಾಕ?"

"ತೊಳಿಯಾಕ."

ಅವಳು ತಲೆ ಎತ್ತಿದಳು. ಅವನು ಡಬ್ಬಿಯ ಮುಚ್ಚಳ ತೆಗೆದ. ಪೇಢೆ ಇರಲಿಲ್ಲ. ಹತ್ತಿಯ ಮೇಲೆ ಸೀ ಹಾಕ್ ಮಲಗಿತ್ತು. ಅವಳು ಮಚ್ಚೆ ಎಂದುಕೊಂಡದ್ದೆಲ್ಲ ಈಗ ಗಾಳಿಗೆ, ಅಲೆಗೆ ಸವೆದ ಮೈಯಂತೆ ಕಾಣುತ್ತಿತ್ತು. ಬಾಲದ ಹತ್ತಿರ ಹೊಗೆಯ ಕಪ್ಪು ತೆಳ್ಳಗೆ ಹರಡಿತ್ತು.

"ಕೆಳಗ ಬೆಳ್ಳಿಬಣ್ಣ, ಅದರ ಮ್ಯಾಲ ಉಪ್ಪು, ಉಪ್ಪಿನ ಮ್ಯಾಲ ಬೂದುಬಣ್ಣ. ತೊಳದ್ರ ಉಪ್ಪಿದ್ದಲ್ಲಿ ಬಣ್ಣ ಏಳ್ತದ, ಹಳೇದು ಕಾಣಸ್ತದ. ಅದೇ ಪದ್ಧತಿ. ನೀವು ಬಿಲ್ಕುಲ್ ಬರೋಬ್ಬರಿ ತೊಳದೀರಿ."

ಪೂನಂಳಿಗೆ ಅಳು ಬಂತು, ನಗುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಸಿಟ್ಟಾದಳು. "ಒಂದು ವಾರ ನನ್ನ ಜೀವ ಹಿಂಡಿ ಹೋಗ್ಯದ! ತೊಳಿಯೂದೇ ಇತ್ತಂದ್ರ ಇಷ್ಟು ದಿನ ನೀವ್ಯಾಕ ತೊಳೀಲಿಲ್ಲ? ಕೇಳಿದಾಗೊಮ್ಮೆ ಒಣಗಿಲ್ಲ, ಒಣಗಿಲ್ಲ ಅಂತಿದ್ರಿ!"

ಶೈಲೇಶ ಮುಚ್ಚಳದ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

"ಒಣಗಿತ್ತು. ಹಚ್ಚಿದ ದಿನಾನೇ ಒಣಗಿತ್ತು."

"ಮತ್ತ?"

"ತೊಳದ್ರ ಕೆಲಸ ಮುಗೀತದ. ಮುಗದ್ರ ನೀವು ವಿಮಾನ ತಗೊಂಡು ಹೋಗ್ತೀರಿ. ಆಮ್ಯಾಲ ಹುಮನಾಬಾದಿನಾಗ ನೀವು ಬಸ್ ಬಿಡೂದಿಲ್ಲ."

ಹೇಳಿದವನ ಕಿವಿ ಕೆಂಪಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ಕಡೆ ಓರೆಯಾಗಿ ನೋಡಿದಳು.

"ನಾ ಬಿಟ್ಟ ಬಸ್ ಎಲ್ಲಾ ವಿಮಾನದ ಸಲುವಾಗಿ ಅಂತ ತಿಳದೀರೇನ್ರಿ?"

ಅವನು ಮುಚ್ಚಳ ಕೆರೆಯುವುದನ್ನು ನಿಲ್ಲಿಸಿದ. ಆಮೇಲೆ ಮೊದಲ ಸಲ ಟೀಚರ್ ಎನ್ನದೆ, "ಪೂನಂ," ಎಂದ. ಮುಂದೆ ಹೇಳಬೇಕೆಂದಿದ್ದದ್ದು ಮರೆತೇಹೋಯಿತು. ಅವಳು ಕೈ ಚಾಚಿ ಡಬ್ಬಿಯನ್ನು ಹಿಡಿದಳು, ಅವನೂ ಬಿಡಲಿಲ್ಲ. ಹುಮನಾಬಾದಿನ ಬಸ್ಸಿನ ಹೊತ್ತಾಗುವ ತನಕ ಇಬ್ಬರೂ ಹಾಗೆಯೇ ಹಿಡಿದುಕೊಂಡು ಕುಳಿತರು.

ಸಂಜೆಯ ಬಿಸಿಲಿರುವಾಗಲೇ ಹುಡಗಿ ಊರು ಮುಟ್ಟಿದರು. ಲಾಲಪ್ಪ ಅಂಗಳದ ಹೊರಸಿನ ಮೇಲೆ ಕುಳಿತು ವಿಮಾನವನ್ನು ಕಣ್ಣಿನ ಹತ್ತಿರ ಹಿಡಿದ. ರೆಕ್ಕೆಯ ಸವೆದ ಜಾಗದ ಮೇಲೆ ಬೆರಳಾಡಿಸಿದ. ಶೈಲೇಶ ಅಂಗಳದ ನಡುವೆ ಬೆವರುತ್ತ ನಿಂತಿದ್ದ.

"ಇದು ಹೋಗಿ ಬಂದದವ್ವ," ಎಂದ ಮುದುಕ. "ತೊಳದವರು ಯಾರು?"

"ನಾ, ಮುತ್ಯಾ. ಉಪ್ಪು ಹಾಕಿದವ್ರು ಇವ್ರು."

ಲಾಲಪ್ಪ ವಿಮಾನದಿಂದ ಕಣ್ಣೆತ್ತಿ ಮೊಮ್ಮಗಳನ್ನು ನೋಡಿದ. ಅವಳ ಪಕ್ಕದವನನ್ನು ನೋಡಿದ. ಮತ್ತೆ ಮೊಮ್ಮಗಳನ್ನು ನೋಡಿದ. ಬೊಚ್ಚುಬಾಯಿಯಲ್ಲಿ ನಗು ತುಂಬಿಕೊಂಡಿತು.

"ಒಬ್ಬರು ಉಪ್ಪು ಹಾಕೂದು, ಒಬ್ಬರು ತೊಳಿಯೂದು. ಸಂಸಾರ ಅಂದ್ರ ಮತ್ತೇನದ?" ಎಂದವನೇ ಶೈಲೇಶನಿಗೆ ಗದರಿದ, "ಏ ತಮ್ಮಾ, ಬಿಸಲಾಗ ಯಾಕ ನಿಂತಿ? ಒಣಗಾಕತ್ತಿ ಏನು? ಒಳಗ ಬಾ."

ಪೂನಂಳಿಗೆ ನಗು ತಡೆಯಲಾಗಲಿಲ್ಲ.

"ಅವ್ರು ಒಣಗಿ ಭಾಳ ದಿನ ಆಗ್ಯದ ಮುತ್ಯಾ," ಎಂದಳು. "ಹೇಳಾಕ ಅಂಜಾಕತ್ತಿದ್ರು, ಅಷ್ಟೇ."