ಡಾಕ್ಟರರ ಅಂಕಿ

ಮಗು ಕೊಳವೆಯೊಳಗೆ ಉಗುಳಿತು. ನೀಲಗಂಗಾ ಅದನ್ನು ಮೇಧಾಮಾಪಕದ ಬಾಯಿಗಿಟ್ಟಳು. ಉಗುಳಿನ ಜೀವಕೋಶಗಳನ್ನು ಬಿಡಿಸಿ, ಬುದ್ಧಿಗೆ ಸಂಬಂಧಿಸಿದ ಸಾವಿರಾರು ವಂಶವಾಹಿಗಳ ಸಣ್ಣಪುಟ್ಟ ವ್ಯತ್ಯಾಸಗಳನ್ನು ಕೂಡಿಸಿ, ಏಳು ನಿಮಿಷದಲ್ಲಿ ಯಂತ್ರ ನೂರಕ್ಕೆ ಇಷ್ಟು ಎಂದು ಹೇಳುತ್ತಿತ್ತು. ಲಕ್ಷಾಂತರ ಜನರ ಸರಾಸರಿಯಿಂದ ತೆಗೆದ ಅಂದಾಜು ಅದು. ಒಂದು ಮಗುವಿನ ಮಟ್ಟಿಗೆ ಪೂರ್ತಿ ಸುಳ್ಳಾಗಲೂಬಹುದು. ಆದರೆ ೨೦೬೩ರ ಗದಗಿನಲ್ಲಿ ಐವತ್ತಕ್ಕಿಂತ ಕಡಿಮೆ ಬಂದವರಿಗೆ ಹೈಸ್ಕೂಲಿನ ಬಾಗಿಲು ತೆರೆಯುತ್ತಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಅವಳ ಮಗಳು ಶಿವಲೀಲಾಗೆ ಮೂವತ್ತೊಂದು ಬಂದಿತ್ತು. ಯಂತ್ರ ಕಂಡುಹಿಡಿದ ಡಾ. ಮಹಾರುದ್ರ ಕೊಣ್ಣೂರ ಅಂದು ಪ್ರಯೋಗಾಲಯದಲ್ಲಿ ತಾವೇ ಪರೀಕ್ಷೆಗೆ ಕುಳಿತಿದ್ದರು. ಅಳುವ ಹುಡುಗಿಯ ಮೂಗನ್ನು ತಮ್ಮ ಕರವಸ್ತ್ರದಿಂದ ಒರೆಸಿ, ಪೆಪ್ಪರ್‌ಮಿಂಟ್ ಕೊಟ್ಟು, "ಯಂತ್ರ ತಪ್ಪಂಗಿಲ್ಲವ್ವಾ" ಎಂದಿದ್ದರು. ಆ ಮೃದುತನವನ್ನೇ ನೀಲಗಂಗಾ ಕ್ಷಮಿಸಲಾರದಾದಳು. ಬೈದಿದ್ದರೆ ಮರೆಯುತ್ತಿದ್ದಳೇನೋ.

ಗಣಿತವೆಂದರೆ ಪ್ರಾಣ ಬಿಡುತ್ತಿದ್ದ ಮಗಳು ಪುಸ್ತಕ ಕಟ್ಟಿಟ್ಟಳು. ತಾಯಿ ತರಬೇತಿ ಪಡೆದು ಅದೇ ಪ್ರಯೋಗಾಲಯ ಸೇರಿದಳು. ಒಂಬತ್ತು ವರ್ಷ ಕಾದಳು. ಕಳೆದ ವಾರ ಡಾಕ್ಟರರು ಕುಡಿದಿಟ್ಟ ಚಹಾ ಕಪ್ಪಿನ ಅಂಚನ್ನು ಹತ್ತಿಯಿಂದ ಒರೆಸಿ ಯಂತ್ರಕ್ಕೆ ಕೊಟ್ಟಳು. ಬಂದ ಅಂಕಿ ನೋಡಿ ನಕ್ಕಳು.

ಮಗು ಉಗುಳಿ ಹೋದ ದಿನವೇ ಮಧ್ಯಾಹ್ನ ಪ್ರಯೋಗಾಲಯದ ಬೆಳ್ಳಿಹಬ್ಬ. ತುಂಬಿದ ಸಭೆಯಲ್ಲಿ ನೀಲಗಂಗಾ ಡಾಕ್ಟರರಿಗೆ ಕೊಳವೆ ಚಾಚಿದಳು.

"ಸರ್, ಊರ ಮಂದೀದೆಲ್ಲಾ ನೋಡಿದ್ರಿ. ನಿಮ್ಮದೂ ಒಂದ್ಸಲ ನೋಡೂಣ್ರೀ."

"ಈಗ ಬ್ಯಾಡವಾ, ಬಾಯಿ ಒಣಗೇತಿ."

"ನೀರು ಕುಡೀರಿ. ಸಣ್ಣ ಕೂಸುಗಳೇ ಉಗುಳತಾವ, ನಿಮಗೇನ್ರೀ ನಾಚಿಕಿ?"

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಡಾಕ್ಟರರು ಉಗುಳಲೇಬೇಕಾಯಿತು. ಪರದೆಯ ಮೇಲೆ ಇಪ್ಪತ್ತೊಂಬತ್ತು ಮೂಡಿತು.

"ಯಂತ್ರ ಕೆಟ್ಟೈತಿ!" ಎಂದು ಯಾರೋ ಕೂಗಿದರು.

"ಯಂತ್ರ ತಪ್ಪಂಗಿಲ್ರೀ. ಇವರೇ ನನ್ನ ಮಗಳಿಗೆ ಹೇಳ್ಯಾರ" ಎಂದಳು ನೀಲಗಂಗಾ. "ಹೇಳ್ರಿ ಸರ್, ತಪ್ಪತೈತೇನು?"

ಡಾಕ್ಟರರು ಅವಳಿಗಷ್ಟೇ ಕೇಳುವಂತೆ ಹೇಳಿದರು: "ಮೊದಲನೇ ದಿನಾನ ನನ್ನದು ನೋಡ್ಕೊಂಡಿದ್ದೆ. ಹೊರಗ ಹೇಳಿದ್ರ ಈ ಯಂತ್ರಾನ ಯಾರೂ ನಂಬತಿದ್ದಿಲ್ಲ."

"ಹೇಳಿದ್ರ ನನ್ನ ಮಗಳು ಓದತಿದ್ಲು."

ಇನ್ನು ಜನ ಯಂತ್ರವನ್ನು ಬೀದಿಗೆಸೆಯುತ್ತಾರೆ ಎಂದುಕೊಂಡಿದ್ದಳು ನೀಲಗಂಗಾ. ಜನ ಬೇರೆಯೇ ಮಾತಾಡಿದರು. "ಇಪ್ಪತ್ತೊಂಬತ್ತರಾಂವ ಇದನ್ನ ಹೆಂಗ ಮಾಡ್ಯಾನು? ಯಾರದೋ ಕದ್ದಾನ." ಡಾಕ್ಟರರ ಬಾಲ್ಯದ ಗೆಳೆಯರೊಬ್ಬರು ಎದ್ದು ನಿಂತು, "ಸಾಲ್ಯಾಗೂ ಮಂಕನ ಇದ್ದ. ನನ್ನ ಪಾಟಿ ನೋಡೇ ಬರೀತಿದ್ದ" ಎಂದರು. ಸಂಜೆಯೊಳಗೆ ಬಾಗಿಲ ಮೇಲಿನ ಡಾಕ್ಟರರ ಹೆಸರು ಇಳಿಯಿತು. ಯಂತ್ರವನ್ನು ಯಾರೂ ಮುಟ್ಟಲಿಲ್ಲ.

ಸೇಡು ತೀರಿತ್ತು. ಡಾಕ್ಟರರ ಬಗ್ಗೆ ಅವಳಿಗೆ ಕನಿಕರವೇನೂ ಹುಟ್ಟಲಿಲ್ಲ. ಆದರೆ ಮರುದಿನ ಹೊಸ ನಿರ್ದೇಶಕರ ಆದೇಶ ಬಂತು: ಸಿಬ್ಬಂದಿಯೆಲ್ಲರೂ ಅಂಕಿ ಕೊಡಬೇಕು, ಐವತ್ತಕ್ಕೆ ಕಡಿಮೆಯಾದವರು ಮನೆಗೆ.

ಎದುರಿಗೆ ನಿಂತ ಮನುಷ್ಯನನ್ನು ಬಿಟ್ಟು ಅವನ ಅಂಕಿಯನ್ನು ನಂಬುವುದನ್ನು ಈ ಯಂತ್ರವೇನೂ ಕಲಿಸಲಿಲ್ಲ. ಮನೆಗೆ ಬಂದ ಮಗುವಿನ ಹೆಸರಿಗಿಂತ ಮೊದಲು ಮಾರ್ಕು ಕೇಳುತ್ತಿದ್ದ ಕಾಲದಲ್ಲೇ ನಾವದನ್ನು ಕಲಿತಾಗಿತ್ತು.

ಸಾಲಿನಲ್ಲಿ ನೀಲಗಂಗಾಳ ಸರದಿ ಬಂತು. ಜೊತೆಯಲ್ಲೇ ಕೆಲಸ ಮಾಡುವ ನಫೀಸಾ ಕೊಳವೆ ಕೊಟ್ಟಳು.

"ನಫೀಸಾ, ನನಗ ಈ ಕೆಲಸ ಬರತೈತೋ ಇಲ್ಲೋ, ಇಷ್ಟು ವರ್ಷದಿಂದ ನೀ ನೋಡೀಯಲ್ಲ?"

"ನೋಡೀನ್ರೀ ಅಕ್ಕಾರ. ನನಗೂ ನೀವೇ ಕಲಿಸೀರಿ." ನಫೀಸಾ ತಲೆ ತಗ್ಗಿಸಿದಳು. "ಆದ್ರ ಅವರು ಅಂಕಿ ಕೇಳ್ಯಾರ್ರೀ."